ಡ್ರಮ್ಮಿಗೆ ದಿನಕ್ಕೊಂದು ಹಿಡಿ ಉಪ್ಪು

ಲೀಲಾಬಾಯಿಯ ಮನೆಯಲ್ಲಿ ಯಾವುದೂ ಕೆಡುವುದಿಲ್ಲ. ಇದು ಆಕೆ ತಾನೇ ಹೇಳಿಕೊಂಡು ತಿರುಗುವ ಮಾತಲ್ಲ, ಬೈಲಹೊಂಗಲದ ಆ ಓಣಿಯೆಲ್ಲ ಒಪ್ಪಿಕೊಂಡ ಮಾತು. ಮೂರು ವರ್ಷದ ಹಿಂದೆ ಹಾಕಿದ ಮಾವಿನ ಉಪ್ಪಿನಕಾಯಿ ಇವತ್ತಿಗೂ ಹಲ್ಲಿಗೆ ಸಿಕ್ಕರೆ ಕಟುಂ ಅನ್ನುತ್ತದೆ. ಮಳೆಗಾಲದಲ್ಲಿ ಊರ ಹಪ್ಪಳಗಳೆಲ್ಲ ಬೂಷ್ಟು ಹಿಡಿದು ಹಸಿರಾದರೂ ಈಕೆಯ ಡಬ್ಬಿಯೊಳಗಿನ ಹಪ್ಪಳಕ್ಕೆ ಅದರ ಸುದ್ದಿಯೂ ಮುಟ್ಟಿರುವುದಿಲ್ಲ. ಒಂದು ಪದಾರ್ಥ ಕೆಟ್ಟಿತೆಂದರೆ ಅದು ಪದಾರ್ಥದ ತಪ್ಪಲ್ಲ, ಮನೆಯವಳ ತಪ್ಪು ಎಂದು ಗಟ್ಟಿಯಾಗಿ ನಂಬಿದ ಹೆಂಗಸು ಆಕೆ.

ಅಂಥವಳ ಹಿತ್ತಲಿಗೆ ಆಕೆಯ ಗಂಡ ದಿಗಂಬರ ಮಾಸ್ತರರು ಒಂದು ನೀಲಿ ಡ್ರಮ್ಮು ತಂದಿಟ್ಟರು. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮನುಷ್ಯ ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಪೇಪರು ಓದುತ್ತಾರೆಯೇ? ಡ್ರಮ್ಮಿನ ಸುತ್ತ ತೂತು ಕೊರೆಸಿದರು, ತಳಕ್ಕೆ ಸಾ ಮಿಲ್ಲಿನ ಕಟ್ಟಿಗೆ ಹೊಟ್ಟು ಹಾಸಿದರು, ಇನ್ನು ಮೇಲೆ ಅಡುಗೆಮನೆಯ ಕಸವೆಲ್ಲ ಇದರೊಳಗೇ ಬೀಳಬೇಕು ಎಂದು ಹುಕುಂ ಮಾಡಿದರು. ಅದು ಕೊಳೆತು ಗೊಬ್ಬರವಾಗುತ್ತದಂತೆ. ಬೇಗ ಕೊಳೆಯಲಿ ಎಂದು ಧಾರವಾಡದಿಂದ ಒಂದು ಚೀಲ ಪುಡಿಯೂ ಬಂತು.

"ಕೊಳಸಲಿಕ್ಕೆ ಪುಡಿ ಬ್ಯಾರೆ ಬೇಕೇನ್ರಿ?" ಎಂದು ಲೀಲಾಬಾಯಿ ಬಾಯಿಗೆ ಸೆರಗು ಹಿಡಿದಳು. "ನಾ ಜೀವಮಾನ ಎಲ್ಲಾ ಕೆಡಬಾರದಂತ ಒದ್ದಾಡೀನಿ. ನೀವು ರೊಕ್ಕಾ ಕೊಟ್ಟು ಕೆಡಸ್ತೀರಿ!"

"ಹಂಗಲ್ಲ ಲೀಲಾ. ಅದರ ಪಾಡಿಗೆ ಬಿಟ್ರ ಆರು ತಿಂಗಳು ಹಿಡೀತದ. ಹುಳಿ ಮಜ್ಜಿಗಿ, ಬೆಲ್ಲದ ನೀರು, ಸಗಣಿ ರಾಡಿ, ಮ್ಯಾಲೆ ಈ ಜೀವಾಣು ಪುಡಿ ಹಾಕಿದ್ರ ನಲವತ್ತು ದಿನ. ನಲವತ್ತೇ ದಿನ!"

ನಲವತ್ತು ದಿನ ಎಂದಾಗ ಲೀಲಾಬಾಯಿಗೆ ಸ್ವಲ್ಪ ಸಮಾಧಾನವಾಯಿತು. ಲಿಂಬಿಕಾಯಿ ಉಪ್ಪಿನಕಾಯಿಗೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು.

ಆದರೆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಮಾಸ್ತರರು ಪುರಸಭೆಯ ಆರೋಗ್ಯ ವಿಭಾಗದ ಶಂಕ್ರೆಪ್ಪನನ್ನು ಕಂಡು, ನಲವತ್ತನೆಯ ದಿನ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಡ್ರಮ್ಮು ತೆರೆದು ತೋರಿಸುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದರು. ಈ ಮಾತು ಕೇಳಿದ್ದೇ ಆಕೆಯ ಎದೆ ಧಸಕ್ಕೆಂದಿತು. ಯಾಕೆಂದರೆ ಮಾಸ್ತರರು ಹೀಗೆ ಓಣಿಯ ಮುಂದೆ ಪೆಟ್ಟಿಗೆ ತೆರೆದದ್ದು ಇದೇ ಮೊದಲಲ್ಲ.

ಹನ್ನೆರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಪೂಜೆಗೆ ಬಂದ ಇಪ್ಪತ್ತು ಮಂದಿಗೆ ಬಿಸಿಲಿನಲ್ಲೇ ಅನ್ನ ಬೇಯಿಸಿ ಬಡಿಸುತ್ತೇನೆಂದು ಸೋಲಾರ್ ಕುಕ್ಕರ್ ಇಟ್ಟಿದ್ದರು. ಶ್ರಾವಣದಲ್ಲಿ! ಸೂರ್ಯನಾರಾಯಣ ಬೆಳಿಗ್ಗೆ ಒಂದು ಸಲ ಇಣುಕಿ ಹೋದವನು ತಿರುಗಿ ಬರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಜನ ಹಸಿದು ಎಲೆ ಹಾಕಿಕೊಂಡು ಕುಳಿತಿದ್ದಾಗ, ಪೆಟ್ಟಿಗೆ ತೆರೆದರೆ ಅಕ್ಕಿ ನೀರಿನಲ್ಲಿ ಆರಾಮವಾಗಿ ನೆನೆದು ಮಲಗಿತ್ತು. ಅಂದಿನಿಂದ ಅವರು 'ಸೋಲಾರ ಮಾಸ್ತರ' ಆದರು. ಆಮೇಲೆ ಜೇನುಪೆಟ್ಟಿಗೆ ಸಾಕಿದ್ದು, ಜೇನುಗಳು ಅರ್ಧ ಓಣಿಯ ಮುಖವನ್ನು ಕುಂಬಳಕಾಯಿ ಮಾಡಿದ್ದು, ಅದನ್ನೆಲ್ಲ ಹೇಳುತ್ತ ಕುಳಿತರೆ ಹೊತ್ತು ಹೋದೀತು.

ಓಣಿಯವರು ಕೆಟ್ಟವರಲ್ಲ. ಪ್ರೀತಿಯಿಂದಲೇ ನಗುತ್ತಾರೆ. ಮಾಸ್ತರರು ಕೇಳಿಸಲಿಲ್ಲವೆಂಬಂತೆ ಮುಂದೆ ನಡೆಯುತ್ತಾರೆ, ಮನೆಗೆ ಬಂದು ಒಂದು ರೊಟ್ಟಿ ಕಡಿಮೆ ತಿನ್ನುತ್ತಾರೆ. ಆ ಉಳಿದ ರೊಟ್ಟಿಯನ್ನು ನೋಡಿದಾಗ ಲೀಲಾಬಾಯಿಗೆ ಇಡೀ ಓಣಿಯನ್ನು ಕಟ್ಟಿ ಹಾಕಿ ಹೊಡೆಯಬೇಕೆನಿಸುತ್ತದೆ. ಈ ಸಲ ಮಾತ್ರ ಯಾರೂ ತನ್ನ ಗಂಡನನ್ನು ನೋಡಿ ನಗಬಾರದು ಎಂದು ಆಕೆ ಮನಸ್ಸಿನಲ್ಲೇ ಹಟ ಹಿಡಿದಳು. ಅದಕ್ಕಾಗಿ ತನ್ನಿಂದ ಏನು ಆಗುತ್ತದೆಯೋ ಅದನ್ನೆಲ್ಲ ಮಾಡುವುದು ಎಂದೂ ನಿಶ್ಚಯಿಸಿದಳು.

ಒಂಬತ್ತನೆಯ ದಿನ ಸಿಪ್ಪೆ ಚೆಲ್ಲಲು ಹೋದಾಗ ಡ್ರಮ್ಮಿನ ಅಂಚಿನಲ್ಲಿ ಒಂದು ಬಿಳಿ ಹುಳ ಹರಿದಾಡುತ್ತಿತ್ತು. ಸಣ್ಣ ವಾಸನೆಯೂ ಎದ್ದಿತ್ತು. ಲೀಲಾಬಾಯಿಯ ಕಣ್ಣ ಮುಂದೆ ನಲವತ್ತನೆಯ ದಿನ ಬಂದು ನಿಂತಿತು. ಎದುರು ಮನೆಯ ಕೃಷ್ಣವ್ವ ಮೂಗು ಮುಚ್ಚಿಕೊಂಡು, "ಮಾಸ್ತರ ಮನ್ಯಾಗ ಹುಳಾ ಬಿದ್ದಾವಂತ!" ಎಂದು ಊರಿಗೆಲ್ಲ ಸಾರುವುದು ಕೇಳಿಸಿತು. ಆಕೆ ಒಳಗೆ ಹೋದಳು, ಡಬ್ಬಿಯಿಂದ ಒಂದು ಹಿಡಿ ಹರಳುಪ್ಪು, ಒಂದು ಚಮಚ ಅರಿಷಿಣ ತಂದು ಡ್ರಮ್ಮಿನೊಳಗೆ ಎರಚಿ ಮುಚ್ಚಳ ಹಾಕಿದಳು. ಜಾಡಿಗೆ ಹಾಕುವ ಕೈ, ಡ್ರಮ್ಮಿಗೆ ಹಾಕುವುದಕ್ಕೆ ಹಿಂದೆಮುಂದೆ ನೋಡಲಿಲ್ಲ.

ಮರುದಿನ ಹುಳವಿಲ್ಲ, ವಾಸನೆಯಿಲ್ಲ. ಮಾಸ್ತರರು ಮುಚ್ಚಳ ತೆಗೆದು ಮೂಗು ಹಾಕಿ, "ನೋಡು ಲೀಲಾ, ಹೆಂಗ ಘಮ್ಮಂತದ! ಮಜ್ಜಿಗಿ ಕೆಲಸಾ ಮಾಡೇದ" ಎಂದು ಹಿಗ್ಗಿದರು. ಹಿಗ್ಗಿದ ಗಂಡನಿಗೆ ಯಾವ ಹೆಂಡತಿ ಅದು ಮಜ್ಜಿಗೆಯಲ್ಲ, ಉಪ್ಪು ಎಂದು ಹೇಳುತ್ತಾಳೆ? ಆಕೆ ಹೇಳಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಅವರು ಅಡ್ಡಾದಾಗ ಡ್ರಮ್ಮಿಗೆ ಒಂದು ಹಿಡಿ ಉಪ್ಪು ಬೀಳತೊಡಗಿತು.

ಎರಡು ವಾರ ಕಳೆಯುವಷ್ಟರಲ್ಲಿ ಮಾಸ್ತರರ ಮುಖ ಬಾಡಿತು. ಕೊಳೆಯುವ ಕಸ ಒಳಗಿನಿಂದ ಬಿಸಿಯಾಗಬೇಕಂತೆ. ಅವರು ಶಾಲೆಯ ಕಾಲದ ಒಂದು ಉದ್ದನೆಯ ಥರ್ಮಾಮೀಟರನ್ನು ದಿನಕ್ಕೆ ಮೂರು ಸಲ ಡ್ರಮ್ಮಿನ ಹೊಟ್ಟೆಗೆ ಚುಚ್ಚಿ, ಕನ್ನಡಕ ಏರಿಸಿ ನೋಡಿ, ತಲೆ ಅಲ್ಲಾಡಿಸುತ್ತಿದ್ದರು. ದವಾಖಾನೆಯಲ್ಲಿ ಸ್ವಂತದವರನ್ನು ಇಟ್ಟವರ ಹಾಗೆ ಓಡಾಡುತ್ತಿದ್ದರು. ಮಜ್ಜಿಗೆ ಇಮ್ಮಡಿಯಾಯಿತು. ಬೆಲ್ಲದ ನೀರು ಮುಮ್ಮಡಿಯಾಯಿತು. ಬೇಕರಿಯಿಂದ ಬ್ರೆಡ್ಡು ಉಬ್ಬಿಸುವ ಈಸ್ಟ್ ಬಂತು. ಓಣಿಯ ಎಮ್ಮೆಗಳ ಸಗಣಿ ಹಿಡಿಯಲು ಮಾಸ್ತರರು ಬಕೆಟ್ಟು ಹಿಡಿದು ನಸುಕಿನಲ್ಲೇ ಹೊರಡತೊಡಗಿದರು. ಡ್ರಮ್ಮು ಮಾತ್ರ ತಣ್ಣಗಿತ್ತು.

"ವಾಸನಿ ಇಲ್ಲ, ಹುಳಾ ಇಲ್ಲ. ಎಲ್ಲಾ ಛಲೋನೇ ಅದಲ್ರಿ?" ಎಂದಳು ಲೀಲಾಬಾಯಿ.

"ಅದೇ ಚಿಂತಿ ಆಗೇದ. ಇಪ್ಪತ್ತೈದು ದಿನದ ಬದನಿಕಾಯಿ ತೊಟ್ಟು ಇವತ್ತ ಪ್ಯಾಟಿಂದ ತಂದಂಗ ಅದ!"

ಗಂಡ ಚಿಂತೆ ಮಾಡುತ್ತಿದ್ದಾರೆ, ಅಂದರೆ ಎಲ್ಲೋ ಕೆಡುತ್ತಿರಬೇಕು ಎಂದು ಲೀಲಾಬಾಯಿ ಅಂದಿನಿಂದ ಎರಡು ಹಿಡಿ ಹಾಕಿದಳು.

ಮೂವತ್ತೆಂಟನೆಯ ದಿನ ಮಧ್ಯಾಹ್ನ ಆಕೆ ಹೀಗೆ ಉಪ್ಪು ಎರಚುತ್ತಿದ್ದಾಗ ಗಿಡ್ಡ ಗೋಡೆಯ ಆಚೆಯಿಂದ ರಹೀಮಬಿ ನೋಡಿದಳು. ರಹೀಮಬಿ ಪಕ್ಕದ ಮನೆಯವಳು, ಆಕೆಯ ಗಂಡ ಪೀರಸಾಬ ಟೆಂಪೋ ಓಡಿಸುತ್ತಾನೆ. ಹಿತ್ತಲಲ್ಲಿ ನಾಲ್ಕು ಆಡು, ಐದಾರು ಕೋಳಿ, ಮೂಲೆಯಲ್ಲೊಂದು ತಿಪ್ಪೆಗುಂಡಿ. ಎರಡು ಮನೆಗಳ ನಡುವೆ ಇಪ್ಪತ್ತು ವರ್ಷದಿಂದ ಕರಿಬೇವು, ಕೊತ್ತಂಬರಿ, ಕಷ್ಟಸುಖ ಎಲ್ಲ ಆ ಗೋಡೆಯ ಮೇಲೆಯೇ ಓಡಾಡುತ್ತಿದ್ದವು.

"ಬಾಯಾರ, ಅದರಾಗ ಏನ ಹಾಕಾಕತ್ತೀರಿ?"

"ಉಪ್ಪು. ಹುಳಾ ಆಗಬಾರದಂತ."

ರಹೀಮಬಿಯ ಕೈಯಲ್ಲಿದ್ದ ಮೊರ ಗೋಡೆಗೆ ತಾಗಿ ನಿಂತಿತು. "ಉಪ್ಪಾ? ಯಾ ಅಲ್ಲಾ! ಉಪ್ಪ ಹಾಕಿದ್ದು ಎಂದಾರ ಕೊಳಿತೈತೇನ್ರಿ? ಬಕ್ರೀದಕ್ಕ ಆಡಿನ ತೊಗಲ ಕೆಡಬಾರ್ದಂತ ನಾವು ಉಪ್ಪ ಹಚ್ಚಿ ಇಡತೇವಿ. ನಿಮ್ಮ ಉಪ್ಪಿನಕಾಯಿ ಕೊಳಿತಾವೇನು?"

ಲೀಲಾಬಾಯಿ ಕೈಯಲ್ಲಿ ಉಳಿದಿದ್ದ ಉಪ್ಪನ್ನು ನೋಡಿದಳು. ತಾನು ನಲವತ್ತು ವರ್ಷದಿಂದ ಕಣ್ಣು ಮುಚ್ಚಿ ಮಾಡಿಕೊಂಡು ಬಂದ ಕೆಲಸದ ಅರ್ಥ ಅಂದೇ ಆಕೆಗೆ ಪೂರ್ತಿ ತಿಳಿಯಿತು. ಗಂಡ ಕೊಳೆಸಲು ಒಂದೊಂದೇ ಹಾಕುತ್ತಿದ್ದರೆ, ತಾನು ಕೊಳೆಯದಂತೆ ದಿನಾ ಹಾಕಿದ್ದೇನೆ. ಡ್ರಮ್ಮಿನ ತುಂಬ ಇರುವುದು ಗೊಬ್ಬರವಲ್ಲ, ಉಪ್ಪಿನಕಾಯಿ. ಇನ್ನು ಎರಡು ದಿನಕ್ಕೆ ಓಣಿಯೆಲ್ಲ ಬಂದು ಕೂಡುತ್ತದೆ, ಮುಚ್ಚಳ ತೆರೆಯುತ್ತದೆ, ನಗು ಏಳುತ್ತದೆ. ಅದನ್ನು ತಾನೇ ತಂದಿಟ್ಟಿದ್ದೇನೆ. ಆಕೆಗೆ ಅಳು ಬಂತು.

ಗಂಡನಿಗೆ ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಸಂಜೆ ಬಾಯಿ ತೆರೆದಳು. ಆದರೆ ಮಾಸ್ತರರು ಬಸ್ ಸ್ಟ್ಯಾಂಡಿನಿಂದ ಬಂದವರು ಚಪ್ಪಲಿ ಬಿಡುತ್ತ, "ಇವತ್ತ ನಮ್ಮ ಓಣಿ ಹಣಮಂತಪ್ಪ ಸಿಕ್ಕಿದ್ದ. ಸೋಲಾರ ಮಾಸ್ತರ, ಈ ಸಲನೂ ಉಪವಾಸೇನ್ರಿ ಅಂತ ಕೇಳಿದ" ಎಂದು ನಕ್ಕಂತೆ ಮಾಡಿ ಒಳಗೆ ಹೋದರು. ಅಂದು ತಾಟಿನಲ್ಲಿ ಎರಡು ರೊಟ್ಟಿ ಉಳಿದವು. ಲೀಲಾಬಾಯಿಯ ಬಾಯಿ ಮತ್ತೆ ತೆರೆಯಲಿಲ್ಲ.

ಮರುದಿನ ಮಾಸ್ತರರು ಬೆಳಿಗ್ಗೆಯೇ ಸವದತ್ತಿಯ ಬಸ್ಸು ಹತ್ತಿದರು. ಅಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಕೃಷಿ ಸಾಮಾನಿನ ಅಂಗಡಿ ಇಟ್ಟಿದ್ದ. ಒಂದೇ ರಾತ್ರಿಯಲ್ಲಿ ಕೆಲಸ ಮಾಡುವ ಪುಡಿ ಏನಾದರೂ ಇದೆಯೇ ಎಂದು ಕೇಳುವ ಹುಚ್ಚು ಆಸೆ. ಬಸ್ಸು ಹೊರಟ ಸುದ್ದಿ ಖಾತ್ರಿಯಾದ ಕೂಡಲೇ ಲೀಲಾಬಾಯಿ ಗೋಡೆಗೆ ಬಂದು ನಿಂತಳು.

"ರಹೀಮಬೀ, ನಿಮ್ಮ ತಿಪ್ಪಿಗುಂಡಿ ಗೊಬ್ಬರ ಒಂದು ಡ್ರಮ್ ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯ, ಕಾಲಿಗ್ಯಾಕ ಬೀಳತೀರಿ, ಬುಟ್ಟಿ ತಗೊಂಡ ಬರ್ರಿ."

ಪೀರಸಾಬನೂ ಅಂದು ಬಾಡಿಗೆ ಬಿಟ್ಟು ಕೈ ಹಚ್ಚಿದ. ಡ್ರಮ್ಮಿನಲ್ಲಿದ್ದುದನ್ನು ಚೀಲಕ್ಕೆ ತುಂಬಿ ಆಡಿನ ಕೊಟ್ಟಿಗೆಯ ಹಿಂದೆ ಇಟ್ಟರು. ಗುಂಡಿಯ ತಳದಿಂದ ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಮೇಲೆ ಬಂತು. ಮಡಿ ಸೀರೆಯ ಲೀಲಾಬಾಯಿ ಮೊಣಕೈವರೆಗೆ ಅದರಲ್ಲಿ ಕೈ ಹಾಕಿ ಬುಟ್ಟಿ ತುಂಬಿದಳು. ರಹೀಮಬಿ ಪಕ್ಕದಲ್ಲಿ ಕುಳಿತು, ಮಾಸ್ತರ ಮನೆಗೆ ಹೋಗುವ ಗೊಬ್ಬರ ಎಂದು, ಕೋಳಿಪುಕ್ಕ, ಎಲುಬಿನ ಚೂರು ಎಲ್ಲ ಅಕ್ಕಿ ಹಸನು ಮಾಡಿದಷ್ಟು ಆಸ್ಥೆಯಿಂದ ಆರಿಸಿ ತೆಗೆದಳು.

"ಇದಕ್ಕ ನೀವು ಏನ ಪುಡಿ ಹಾಕ್ತೀರಿ?" ಲೀಲಾಬಾಯಿ ಕೇಳಿದಳು.

"ಪುಡಿ ಎಲ್ಲಿದ್ರಿ ಬಾಯಾರ? ಆಡಿನ ಹಿಕ್ಕಿ ಹಾಕ್ತೇನಿ, ನೀರ ಗೊಜ್ಜತೇನಿ, ಮರೀತೇನಿ. ಎಂಟ ತಿಂಗಳಿಗೆ ನೆನಪಾಗತೈತಿ."

ಲೀಲಾಬಾಯಿ ಎರಡು ಸಲ ತಲೆಸ್ನಾನ ಮಾಡಿದಳು. ಸಂಜೆ ಮಾಸ್ತರರು ಬರಿಗೈಯಲ್ಲಿ ಬಂದರು. ಒಂದೇ ರಾತ್ರಿಯ ಪುಡಿ ಸವದತ್ತಿಯಲ್ಲೂ ಇರಲಿಲ್ಲ. ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದರು, ತೆಗೆಯಲು ಧೈರ್ಯವಾಗದೆ ಹಿಂದೆ ಸರಿದರು. "ಬ್ಯಾಡ. ನಾಳೆ ಎಲ್ಲಾರ ಮುಂದೇ ಆಗಲಿ, ಏನ ಆಗೂದದ" ಎಂದರು. ಕಟ್ಟಿಗೆಯಂತಾದ ಅವರ ಮುಖ ನೋಡಿ ಲೀಲಾಬಾಯಿಗೆ ಮಾಡಿದ್ದು ಸರಿಯೆಂದೇ ಅನ್ನಿಸಿತು.

ನಲವತ್ತನೆಯ ದಿನ ಹತ್ತು ಗಂಟೆಗೆ ಹಿತ್ತಲು ತುಂಬಿತು. ಶಂಕ್ರೆಪ್ಪ ಫೈಲು ಹಿಡಿದು ಕುರ್ಚಿಯ ಮೇಲೆ ಕುಳಿತ. ಕೃಷ್ಣವ್ವ ಮೊದಲ ಸಾಲು ಹಿಡಿದಳು. ಹಣಮಂತಪ್ಪ ಕರೆಯದಿದ್ದರೂ ಬಂದು ಗೋಡೆಗೆ ಒರಗಿದ. ಮಾಸ್ತರರು ಇಸ್ತ್ರಿ ಅಂಗಿ ಹಾಕಿ, ತಪ್ಪಿತಸ್ಥರ ದನಿಯಲ್ಲಿ, "ವಿಜ್ಞಾನದಾಗ ಎಲ್ಲಾ ಪ್ರಯೋಗ ಯಶಸ್ವಿ ಆಗ್ತಾವಂತಿಲ್ಲ..." ಎಂದು ಶುರು ಮಾಡಿ ಮುಚ್ಚಳ ತೆಗೆದರು.

ಒಳಗೆ ಕಪ್ಪು ಬಂಗಾರ.

ಮಾಸ್ತರರು ಬಗ್ಗಿ ನೋಡಿದರು. ಒಂದು ಹಿಡಿ ತೆಗೆದು ಮೂಸಿದರು, ಹಿಂಡಿದರು, ಬೆರಳ ಸಂದಿಯಿಂದ ಉದುರಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತು. "ನಿನ್ನಿ ಮುಂಜಾನೆ ತನಕ..." ಎಂದು ಏನೋ ಹೇಳಹೋಗಿ ಇನ್ನೊಂದು ಹಿಡಿ ತೆಗೆದು ಮೂಸಿದರು. ಹೆಣ್ಣುಮಕ್ಕಳು ಕತ್ತು ಚಾಚಿದರು, ಶಂಕ್ರೆಪ್ಪ ಎದ್ದು ನಿಂತು "ಭೇಷ್ ಮಾಸ್ತರ!" ಎಂದ. ಬಾಗಿಲ ಹತ್ತಿರ ನಿಂತ ಲೀಲಾಬಾಯಿಗೆ ಖುಷಿಯೂ ನಾಚಿಕೆಯೂ ಒಟ್ಟಿಗೇ ಆದವು. ಗಂಡನ ಮುಖದಲ್ಲಿ ಇಂಥ ಬೆಳಕು ಕಂಡು ಎಷ್ಟು ವರ್ಷವಾಗಿತ್ತೋ. ಆದರೆ ಅದು ತಾನು ಹಚ್ಚಿದ ಸುಳ್ಳಿನ ದೀಪ.

ಹಿಗ್ಗಿದ ಮಾಸ್ತರರು ತಳದಿಂದಲೂ ತೋರಿಸುತ್ತೇನೆಂದು ಮೊಣಕೈವರೆಗೆ ಕೈ ಹಾಕಿ ಒಂದು ಬೊಗಸೆ ಮೇಲೆತ್ತಿದರು. ಬೊಗಸೆಯ ನಟ್ಟನಡುವೆ, ಬೆಳ್ಳಗೆ, ಅರ್ಧ ತತ್ತಿಯ ಸಿಪ್ಪೆ ಕುಳಿತಿತ್ತು.

"ಅಯ್ಯ ಶಿವನ! ಮಾಸ್ತರ ಮನ್ಯಾಗ ತತ್ತಿ!" ಎಂದಳು ಕೃಷ್ಣವ್ವ.

ಗೋಡೆಯ ಆಚೆ ನಿಂತಿದ್ದ ರಹೀಮಬಿ ಹಣೆ ಬಡಿದುಕೊಂಡಳು. ಎಲುಬು ಆರಿಸಿದ್ದಳು, ಪುಕ್ಕ ಆರಿಸಿದ್ದಳು, ತತ್ತಿಯ ಸಿಪ್ಪೆ ಆಕೆಗೆ ಆರಿಸುವ ಸಾಮಾನೆಂದೇ ಹೊಳೆದಿರಲಿಲ್ಲ. ಮಾಸ್ತರರು ಆ ಸಿಪ್ಪೆಯನ್ನು ನೋಡಿದರು, ಡ್ರಮ್ಮನ್ನು ನೋಡಿದರು, ಕೊನೆಗೆ ಹೆಂಡತಿಯನ್ನು ನೋಡಿದರು. ಲೀಲಾಬಾಯಿಯ ಮುಖ ಒಂದು ಕಾಳಿನಷ್ಟು ಗುಟ್ಟನ್ನೂ ಬಚ್ಚಿಡಬಲ್ಲ ಮುಖವಲ್ಲ. ಅವರಿಗೆ ಪೂರ್ತಿಯಲ್ಲದಿದ್ದರೂ ಬೇಕಾದಷ್ಟು ತಿಳಿಯಿತು.

"ಅದು ನಾನೇ ಹಾಕೀನಿ" ಎಂದರು ಮಾಸ್ತರರು ನಿಧಾನವಾಗಿ. "ಸುಣ್ಣದ ಅಂಶ ಇರತದ. ಗಿಡಕ್ಕ ಛಲೋ."

"ಹಾಕಿದ್ರಿ ಖರೆ, ತಿಂದವರ ಯಾರ್ರಿ ಮಾಸ್ತರ?" ಎಂದ ಹಣಮಂತಪ್ಪ.

ಮಾಸ್ತರರು "ನಾನೇ" ಎಂದರು.

ನಗು ಎಂದರೆ ಅದು ನಗು. ಕೃಷ್ಣವ್ವ ಸೊಂಟ ಹಿಡಿದುಕೊಂಡು ನೆಲಕ್ಕೆ ಕುಳಿತಳು. ಹಣಮಂತಪ್ಪ "ಸೋಲಾರ ಹೋತು, ಇನ್ನ ಮ್ಯಾಲೆ ತತ್ತಿ ಮಾಸ್ತರ!" ಎಂದು ನಾಮಕರಣವನ್ನೂ ಮುಗಿಸಿದ. ಜೀವಮಾನದಲ್ಲಿ ತತ್ತಿಯ ವಾಸನೆಗೂ ಓಡಿಹೋಗುವ ಮನುಷ್ಯ, ಸಿಪ್ಪೆಯನ್ನು ಕೈಯಲ್ಲಿ ಹಿಡಿದುಕೊಂಡು, ಹೆಂಡತಿಯ ಕಡೆ ಯಾರೂ ನೋಡದಿರಲಿ ಎಂದು ತಾವೇ ನಡುವೆ ಅಡ್ಡವಾಗಿ ನಿಂತಿದ್ದರು. ಅದನ್ನು ಕಂಡು ಲೀಲಾಬಾಯಿಗೆ ತಡೆಯಲಾಗಲಿಲ್ಲ. ಯಾವ ನಗುವಿಗೆ ಹೆದರಿ ಇಷ್ಟೆಲ್ಲ ಮಾಡಿದಳೋ ಆ ನಗುವನ್ನು ಅವರು ಆಕೆಗಾಗಿಯೇ ಮೈಮೇಲೆ ಎಳೆದುಕೊಂಡಿದ್ದರು.

"ಸುಮ್ಮನಿರ್ರಿ ಎಲ್ಲಾರೂ!" ಎಂದು ಆಕೆ ಮುಂದೆ ಬಂದಳು. "ಇವರು ತತ್ತಿ ಕೈಲೇ ಸುದ್ದಾ ಮುಟ್ಟಿಲ್ಲ. ಈ ಗೊಬ್ಬರ ನಮ್ಮದಲ್ಲ, ರಹೀಮಬಿ ಅವರದು. ನಿನ್ನಿ ಇವರು ಊರಾಗ ಇಲ್ಲದಾಗ ನಾನೇ ಬದಲಾ ಮಾಡೀನಿ. ಇವರದು ಕೊಳೀಲಿಲ್ಲ. ಯಾಕ ಕೊಳೀಲಿಲ್ಲ ಅಂದ್ರ ನಾನೇ ದಿನಾ ಉಪ್ಪು ಹಾಕೀನಿ. ನಗೂದಿದ್ರ ನನ್ನ ನೋಡಿ ನಗ್ರಿ!"

ನಗುತ್ತಿದ್ದವರೆಲ್ಲ ಆಕೆಯ ಕಡೆ ತಿರುಗಿದರು. ಲೀಲಾಬಾಯಿ ಗಂಡನ ಮುಖ ನೋಡಲಾರದೆ ನೆಲ ನೋಡುತ್ತ ನಿಂತಳು.

"ಉಪ್ಪು?" ಎಂದರು ಮಾಸ್ತರರು. "ಎಷ್ಟು?"

"ಮೊದಲ ಒಂದು ಹಿಡಿ. ಆಮ್ಯಾಲೆ ಎರಡು."

"ದಿನಾ?"

"ದಿನಾ. ಅರಿಷಿಣನೂ ಹಾಕೀನಿ."

ಮಾಸ್ತರರು ಸಿಪ್ಪೆ ಚೆಲ್ಲಿ ಆಕೆಯ ಮುಂದೆ ಬಂದು ನಿಂತರು. ಬೈಗುಳ ಬರುತ್ತದೆ ಎಂದು ಲೀಲಾಬಾಯಿ ಕಣ್ಣು ಮುಚ್ಚಿದಳು. ಬಂದದ್ದು ಹರ್ಷದ ಕೂಗು.

"ಹಂಗಾದ್ರ ನನ್ನ ಪುಡಿ ತಪ್ಪಲ್ಲ! ಮಜ್ಜಿಗಿ ತಪ್ಪಲ್ಲ! ಲೀಲಾ, ನನ್ನ ಲೆಕ್ಕಾ ಎಲ್ಲಾ ಬರೋಬ್ಬರಿ ಇತ್ತು! ಎಲ್ಲೆ ಅದ ಅದು? ನಂದು ಎಲ್ಲೆ ಅದ?"

"ನಮ್ಮ ಆಡು ನೆಕ್ಕಾಕತ್ತಾವ್ರಿ ಮಾಸ್ತರ" ಎಂದಳು ರಹೀಮಬಿ ಗೋಡೆಯಾಚೆಯಿಂದ. "ನಿನ್ನಿಯಿಂದ ಚೀಲಾ ಬಿಟ್ಟು ಕದಲವಲ್ಲವು."

ಪೀರಸಾಬ ಆಡುಗಳನ್ನು ಗದರಿಸಿ ಒಂದು ಚೀಲವನ್ನು ಗೋಡೆಯ ಮೇಲಿಂದ ದಾಟಿಸಿದ. ಮಾಸ್ತರರು ಅದನ್ನು ನೆಲದ ಮೇಲೆ ಸುರುವಿದರು. ಲಿಂಬಿ ಸಿಪ್ಪೆ ಹಳದಿಯಾಗಿತ್ತು, ಮೆಂತ್ಯದ ದಂಟು ಹಸಿರಾಗಿತ್ತು, ಬದನೆಕಾಯಿ ತೊಟ್ಟು ನಿಜವಾಗಿಯೂ ಪ್ಯಾಟೆಯಿಂದ ತಂದಂತಿತ್ತು. ಶಂಕ್ರೆಪ್ಪ ಫೈಲಿನಲ್ಲಿ ಏನು ಬರೆಯುವುದೆಂದು ತಿಳಿಯದೆ ಪೆನ್ನು ಕಚ್ಚಿದ. ಆದರೆ ಮಾಸ್ತರರಿಗೆ ಈಗ ಶಂಕ್ರೆಪ್ಪನೂ ಕಾಣುತ್ತಿರಲಿಲ್ಲ. ಬಲಗೈಯಲ್ಲಿ ರಹೀಮಬಿಯ ಗೊಬ್ಬರ, ಎಡಗೈಯಲ್ಲಿ ಲೀಲಾಬಾಯಿಯ ಲಿಂಬಿ ಸಿಪ್ಪೆ ಹಿಡಿದು ಅವರು ಓಣಿಯ ಕಡೆ ತಿರುಗಿದರು.

"ನೋಡ್ರಿ ಇಲ್ಲೆ. ಎರಡೂ ಕಸಾನೇ. ಇದು ಯಾಕ ಮಣ್ಣಾತು, ಇದು ಯಾಕ ಆಗಲಿಲ್ಲ?"

ಆಮೇಲೆ ಅರ್ಧ ಗಂಟೆ ಅವರು ಮಾತಾಡಿದರು. ಕಣ್ಣಿಗೆ ಕಾಣದ ಜೀವಾಣುಗಳು ಹೇಗೆ ತಿಂದು ತಿಂದು ಕಸವನ್ನು ಕರಗಿಸುತ್ತವೆ, ಅವಕ್ಕೆ ನೀರು ಯಾಕೆ ಬೇಕು, ಉಪ್ಪು ಆ ನೀರನ್ನು ಹೇಗೆ ಹೀರಿಕೊಂಡು ಅವುಗಳನ್ನು ಉಪವಾಸ ಕೆಡವುತ್ತದೆ, ಉಪ್ಪಿನಕಾಯಿ ಯಾಕೆ ವರ್ಷಗಟ್ಟಲೆ ಇರುತ್ತದೆ, ಬಕ್ರೀದಿನ ತೊಗಲು ಯಾಕೆ ಕೆಡುವುದಿಲ್ಲ, ಎಲ್ಲ. ಹುಳಿ ಮಜ್ಜಿಗೆ ಯಾಕೆ, ಬೆಲ್ಲ ಯಾಕೆ ಎಂಬುದನ್ನೂ ಹೇಳಿದರು. ರಹೀಮಬಿಯನ್ನು ಗೋಡೆಯ ಈಚೆ ಕರೆಸಿ, ಆಡಿನ ಹಿಕ್ಕಿ ಎಷ್ಟು, ನೀರು ಎಷ್ಟು ಎಂದು ಆಕೆಯ ಬಾಯಿಯಿಂದಲೇ ಹೇಳಿಸಿದರು. ಕೃಷ್ಣವ್ವ ಎರಡು ಪ್ರಶ್ನೆ ಕೇಳಿದಳು. ಹಣಮಂತಪ್ಪ ಗೋಡೆ ಬಿಟ್ಟು ಮುಂದೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಒಬ್ಬರೂ ನಗಲಿಲ್ಲ.

ಬಾಗಿಲಿಗೆ ಒರಗಿ ನಿಂತ ಲೀಲಾಬಾಯಿಗೆ ಆಗ ಒಂದು ಮಾತು ಹೊಳೆಯಿತು. ಮದುವೆಯಾಗಿ ನಲವತ್ತು ವರ್ಷ, ಇವರು ಪಾಠ ಮಾಡಿದ್ದನ್ನು ತಾನು ಒಂದು ದಿನವೂ ಕೇಳಿರಲಿಲ್ಲ. ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದ್ದಳು, ಸೋತು ಬಂದಾಗ ನೋಡಿದ್ದಳು. ಅಲ್ಲಿ ಹೋಗಿ ಇವರು ಹೀಗೆ ಇರುತ್ತಿದ್ದರು ಎಂಬುದು ಆಕೆಗೆ ಗೊತ್ತೇ ಇರಲಿಲ್ಲ. ಗಂಡನ ಮೇಲೆ ಆಕೆಗೆ ಬಹಳ ಅಭಿಮಾನ ಬಂತು, ಮದುವೆಯ ಹೊಸದರಲ್ಲಿ ಬರುತ್ತಿದ್ದಂಥದು.

"ಎಲ್ಲಾರಿಗೂ ತಿಳೀತಲ್ಲ? ಏನರ ಪ್ರಶ್ನೆ ಅದಾವೇನು?" ಎಂದರು ಮಾಸ್ತರರು ಕೈ ಝಾಡಿಸಿಕೊಳ್ಳುತ್ತ.

ಲೀಲಾಬಾಯಿ ಮೆಲ್ಲಗೆ ಕೈ ಎತ್ತಿದಳು. ಹೇಗೂ ಇಷ್ಟು ಮಂದಿಯ ಮುಂದೆ ಆಗಿದ್ದು ಆಗಿಹೋಗಿತ್ತು. ಆದರೂ ಹುಳ ಬೀಳುತ್ತದೆ ಎಂಬ ಚಿಂತೆ ಆಕೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ನಾಳೆಯಿಂದ ಮತ್ತ ಶುರು ಮಾಡ್ತೀರಲ್ಲ. ಉಪ್ಪು ಬ್ಯಾಡ, ಆತು. ಬರೇ ಅರಿಷಿಣ ಹಾಕಿದ್ರ ನಡೀತದೇನ್ರಿ?"

ಓಣಿ ಮತ್ತೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾಸ್ತರರು. ಡ್ರಮ್ಮು ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆ ನಗು ಕೇಳಿ ಲೀಲಾಬಾಯಿಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ ಓಣಿಯ ಮೇಲೆ ಸಿಟ್ಟು ಬರಲಿಲ್ಲ.